ಒಂದು ಹನಿ ರಕ್ತದಲ್ಲಿ ಮೂರು ತಿಂಗಳ ಶುಗರ್ ಲೆಕ್ಕ

ಎರಡು ವರ್ಷದ ಹಿಂದೆ, ರಜಬ್ ತಿಂಗಳ ಒಂದು ಶುಕ್ರವಾರ. ಜುಮಾ ಮುಗಿದ ಮೇಲೆ ನಮ್ಮ ಮಸೀದಿಯ ಅಂಗಳದಲ್ಲಿ ಊರಿನ ಯುವಕರು ಆರೋಗ್ಯ ಶಿಬಿರ ಇಟ್ಟಿದ್ದರು. ಬಿ.ಪಿ. ನೋಡುವವರು ಒಂದು ಕಡೆ, ಶುಗರ್ ನೋಡುವವರು ಇನ್ನೊಂದು ಕಡೆ. ಹೆಂಗಸರಿಗೆ ಮದ್ರಸದ ಕೋಣೆಯಲ್ಲಿ ಬೇರೆ ವ್ಯವಸ್ಥೆ. ಜಮಾಅತಿನ ಹಿರಿಯ ಹಾಜಾಕ ಒಬ್ಬರು ಮಾತ್ರ ಮೇಜಿನ ಹತ್ತಿರ ಬಾರದೆ ದೂರ ನಿಂತಿದ್ದರು. ನಾವು ಕರೆದೆವು.

"ನನಗೆ ಬೇಡ ಉಸ್ತಾದೇ. ಮೊನ್ನೆ ತಾನೇ ಲ್ಯಾಬಿನಲ್ಲಿ ನೋಡಿಸಿದ್ದೇನೆ. ಖಾಲಿ ಹೊಟ್ಟೆಯದ್ದು ನೂರ ಹನ್ನೆರಡು ಉಂಟು. ಫಸ್ಟ್ ಕ್ಲಾಸ್!" ಎಂದು ಜೇಬಿನಿಂದ ಚೀಟಿ ತೆಗೆದು ತೋರಿಸಿದರು.

ಶಿಬಿರಕ್ಕೆ ಬಂದಿದ್ದ ಡಾಕ್ಟರರ ಹತ್ತಿರ ಒಂದು ಸಣ್ಣ ಮೆಷಿನ್ ಇತ್ತು. "ಹಾಜಾಕ, ಬೆರಳಿನಿಂದ ಒಂದೇ ಹನಿ ಸಾಕು. ಊಟ ಮಾಡಿದ್ದರೂ ಪರವಾಗಿಲ್ಲ" ಎಂದರು. ಮನಸ್ಸಿಲ್ಲದ ಮನಸ್ಸಿನಿಂದ ಹಾಜಾಕ ಬೆರಳು ಕೊಟ್ಟರು. ಕೆಲವು ನಿಮಿಷ ಕಳೆದು ಮೆಷಿನ್‌ನಲ್ಲಿ 9.4 ಎಂದು ಬಂತು. ಡಾಕ್ಟರ್ ಅದನ್ನು ನೋಡಿ, "ಮೂರು ತಿಂಗಳಿನಿಂದ ನಿಮ್ಮ ಶುಗರ್ ಸರಾಸರಿ 220ರ ಆಸುಪಾಸಿನಲ್ಲಿ ಉಂಟು" ಎಂದರು. ಹಾಜಾಕನಿಗೆ ಸಿಟ್ಟು ಬಂತು. "ಹಾಗಾದರೆ ಲ್ಯಾಬಿನವರು ಸುಳ್ಳು ಬರೆದದ್ದಾ? ನಿಮ್ಮ ಮೆಷಿನ್ ಹಾಳಾಗಿರಬೇಕು!"

ಲ್ಯಾಬೂ ಸುಳ್ಳು ಹೇಳಿರಲಿಲ್ಲ, ಮೆಷಿನ್ನೂ ಹಾಳಾಗಿರಲಿಲ್ಲ. ಆಮೇಲೆ ಮದ್ರಸದ ಜಗಲಿಯಲ್ಲಿ ಕುಳಿತು ಚಾ ಕುಡಿಯುವಾಗ ಹಾಜಾಕನೇ ನಿಜ ಹೇಳಿದರು. ಲ್ಯಾಬಿಗೆ ಹೋಗುವ ಮೂರು ದಿನ ಮೊದಲಿನಿಂದ ರಾತ್ರಿ ಕುಚ್ಚಲಕ್ಕಿ ಗಂಜಿ ಮಾತ್ರ, ಚಾಕ್ಕೆ ಸಕ್ಕರೆ ಇಲ್ಲ, ಮಾತ್ರೆ ಹೊತ್ತು ಹೊತ್ತಿಗೆ ಸರಿಯಾಗಿ. "ಡಾಕ್ಟರ ಬಾಯಿಂದ ಬೈಗುಳ ತಿನ್ನುವುದು ಯಾಕೆ ಅಂತ ಉಸ್ತಾದೇ" ಎಂದು ಮೆಲ್ಲಗೆ ನಕ್ಕರು.

ಈ ಹಾಜಾಕ ನಮ್ಮ ಎಲ್ಲ ಮೊಹಲ್ಲಾಗಳಲ್ಲೂ ಇದ್ದಾರೆ. ನಮ್ಮ ನಿಮ್ಮ ಮನೆಯಲ್ಲೂ ಇದ್ದಾರೆ. ಅದಕ್ಕೇ ಈ ವಾರ ಈ ವಿಷಯ. ನಾವು ವೈದ್ಯರಲ್ಲ, ಮದ್ರಸದಲ್ಲಿ ಪಾಠ ಮಾಡುವವರು. ಆದರೆ ರಮಝಾನ್ ಹತ್ತಿರ ಬಂದಂತೆ "ಉಸ್ತಾದೇ, ನನಗೆ ಶುಗರ್ ಉಂಟು, ನೋಂಬು ಹಿಡಿಯಬಹುದಾ?" ಎಂಬ ಪ್ರಶ್ನೆ ಡಾಕ್ಟರಿಗಿಂತ ಮೊದಲು ನಮ್ಮ ಬಳಿಗೇ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಈ ಪರೀಕ್ಷೆ ಏನೆಂದು ನಮಗೂ ತಿಳಿದಿರಬೇಕು ಎಂದು ಡಾಕ್ಟರರಲ್ಲಿ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಾಜರಿ ಪುಸ್ತಕ ಇದ್ದ ಹಾಗೆ

ನಮ್ಮ ಮದ್ರಸಕ್ಕೆ ತಪಾಸಣೆಗೆ ಮುಫತ್ತಿಶ್ ಬರುವ ದಿನ ಗೊತ್ತಾದರೆ ಅಂದು ಎಲ್ಲ ಮಕ್ಕಳೂ ಹಾಜರು. ಬಿಳಿ ಟೊಪ್ಪಿ, ಒಗೆದ ಬಟ್ಟೆ, ಕೈಯಲ್ಲಿ ಕಿತಾಬು. ಆದರೆ ಅನುಭವ ಇರುವ ಮುಫತ್ತಿಶ್ ಮಕ್ಕಳ ತಲೆ ಎಣಿಸುವುದಿಲ್ಲ, ಹಾಜರಿ ಪುಸ್ತಕ ತೆಗೆಯಲು ಹೇಳುತ್ತಾರೆ. ಮೂರು ತಿಂಗಳಲ್ಲಿ ಯಾರು ಎಷ್ಟು ದಿನ ಬಂದಿದ್ದಾರೆ ಎಂಬುದು ಅದರಲ್ಲಿ ಉಂಟು.

ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆ ಆ ಒಂದು ದಿನದ ತಲೆ ಎಣಿಕೆ. ಆ ಹೊತ್ತಿನಲ್ಲಿ ರಕ್ತದಲ್ಲಿ ಎಷ್ಟು ಸಕ್ಕರೆ ಇದೆಯೋ ಅದನ್ನು ಅದು ಸರಿಯಾಗಿಯೇ ಹೇಳುತ್ತದೆ. ಹಾಜಾಕನಿಗೆ ಮಾಡಿದ ಎಚ್‌ಬಿಎ1ಸಿ ಪರೀಕ್ಷೆ ಹಾಜರಿ ಪುಸ್ತಕ. ಹೆಸರು ಉದ್ದವಾಯಿತೆಂದು ಎ1ಸಿ ಎಂದೂ ಹೇಳುತ್ತಾರೆ. ಹಿಂದಿನ ಎರಡು ಮೂರು ತಿಂಗಳಲ್ಲಿ ಶುಗರ್ ಸರಾಸರಿ ಎಷ್ಟಿತ್ತು ಎಂಬುದು ಅದರಲ್ಲಿ ಕಾಣುತ್ತದೆ.

ರಕ್ತ ಈ ಲೆಕ್ಕ ಇಡುವ ರೀತಿ ಅಲ್ಲಾಹನ ಕುದ್ರತ್ತೇ ಸರಿ. ನಮ್ಮ ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತು ಇದೆ. ಉಸಿರಿನ ಆಮ್ಲಜನಕವನ್ನು ಮೈಗೆಲ್ಲ ಹೊತ್ತು ಕೊಡುವುದು ಅದರ ಕೆಲಸ. ರಕ್ತದಲ್ಲಿ ಹರಿಯುವ ಸಕ್ಕರೆ ಈ ಕಣಗಳ ಒಳಗೆ ಹೋಗಲು ಇನ್ಸುಲಿನ್ ಬೇಕಾಗಿಲ್ಲ. ಒಳಗೆ ಹೋದ ಸಕ್ಕರೆ ಹಿಮೋಗ್ಲೋಬಿನ್‌ಗೆ ಮೆಲ್ಲಗೆ ಅಂಟಿಕೊಳ್ಳುತ್ತದೆ. ಒಮ್ಮೆ ಗಟ್ಟಿಯಾಗಿ ಅಂಟಿದರೆ ಆ ಕಣ ಸಾಯುವ ತನಕ ಬಿಡುವುದಿಲ್ಲ. ಒಂದು ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಹಳೆಯ ಕಣ, ಹೊಸ ಕಣ ಎಲ್ಲ ಸೇರಿದ ರಕ್ತದ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಪಾಲಿಗೆ ಸಕ್ಕರೆ ಅಂಟಿದೆ ಎಂದು ಎಣಿಸಿದರೆ ಮೂರು ತಿಂಗಳ ಲೆಕ್ಕ ಸಿಗುತ್ತದೆ. ಅದರಲ್ಲೂ ಸುಮಾರು ಅರ್ಧ ಪಾಲು ಕೊನೆಯ ಒಂದು ತಿಂಗಳದ್ದು. ಹಾಗಾಗಿ ಮೂರು ದಿನ ಗಂಜಿ ಕುಡಿದು ಈ ಲೆಕ್ಕ ತಿದ್ದಲು ಆಗುವುದಿಲ್ಲ.

ಕಾಯಿಲೆ ಇಲ್ಲದವರಲ್ಲೂ ಸ್ವಲ್ಪ ಅಂಟಿರುತ್ತದೆ. 5.7ಕ್ಕಿಂತ ಕೆಳಗಿದ್ದರೆ ಮಾಮೂಲು. 5.7ರಿಂದ 6.4ರ ತನಕ ಎಚ್ಚರಿಕೆಯ ಗಡಿ. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. ಈಗಾಗಲೇ ಕಾಯಿಲೆ ಇರುವ ಹೆಚ್ಚಿನವರಿಗೆ 7ರ ಕೆಳಗೆ ಇಡಲು ಡಾಕ್ಟರರು ಹೇಳುತ್ತಾರೆ. ತುಂಬ ವಯಸ್ಸಾದವರಿಗೆ, ಬೇರೆ ಕಾಯಿಲೆಗಳೂ ಇರುವವರಿಗೆ 8ರ ತನಕ ಬಿಡುವುದೂ ಉಂಟು. ಎ1ಸಿ 6 ಎಂದರೆ ಸರಾಸರಿ ಶುಗರ್ 126, 7 ಎಂದರೆ 154, 8 ಎಂದರೆ 183, 9 ಎಂದರೆ 212, 10 ಎಂದರೆ 240. ಮನೆಯ ರಿಪೋರ್ಟುಗಳನ್ನು ತೆಗೆದು ಒಮ್ಮೆ ಹೋಲಿಸಿ ನೋಡಿ.

ಹಮದಾನಿನಲ್ಲಿ ಹುಟ್ಟಿದವರು ಕಂಡದ್ದು

ಇರಾನಿನ ಹಮದಾನ್ ಪಟ್ಟಣದ ಹೆಸರು ಕಿತಾಬು ಓದಿದವರಿಗೆ ಹೊಸದಲ್ಲ. ವೈದ್ಯಶಾಸ್ತ್ರದ ದೊಡ್ಡ ಗ್ರಂಥ 'ಅಲ್ ಖಾನೂನ್' ಬರೆದ ಇಬ್ನು ಸೀನಾ 1037ರಲ್ಲಿ ತೀರಿಕೊಂಡದ್ದು ಅಲ್ಲಿ, ಅವರ ಖಬರ್ ಇರುವುದೂ ಅಲ್ಲೇ. ಸಕ್ಕರೆ ಕಾಯಿಲೆಯ ಲಕ್ಷಣಗಳನ್ನು ವಿವರಿಸಿದ ಹಳೆಯ ವೈದ್ಯರಲ್ಲಿ ಅವರೂ ಒಬ್ಬರು.

ಅದೇ ಹಮದಾನಿನಲ್ಲಿ 1929ರಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದವರು ಸಾಮ್ಯುಯೆಲ್ ರಹ್ಬರ್. ಟೆಹ್ರಾನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಕಲಿತು, ಅಲ್ಲೇ ಸಂಶೋಧನೆ ಮಾಡುತ್ತಿದ್ದರು. ರೋಗಿಗಳ ರಕ್ತದಲ್ಲಿ ವಿಚಿತ್ರ ಜಾತಿಯ ಹಿಮೋಗ್ಲೋಬಿನ್ ಏನಾದರೂ ಇದೆಯೇ ಎಂದು ಹುಡುಕುವಾಗ, ಸಕ್ಕರೆ ಕಾಯಿಲೆ ಇದ್ದವರ ರಕ್ತದಲ್ಲಿ ಬೇರೆಯೇ ಒಂದು ಗೆರೆ ಅವರಿಗೆ ಕಂಡಿತು. 1968ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಹಿಮೋಗ್ಲೋಬಿನ್‌ನ ಈ ಭಾಗವನ್ನು ವಿಜ್ಞಾನಿಗಳು 1958ರಲ್ಲೇ ಬೇರ್ಪಡಿಸಿದ್ದರು. ಆದರೆ ಅದಕ್ಕೂ ಸಕ್ಕರೆ ಕಾಯಿಲೆಗೂ ಸಂಬಂಧ ಇದೆ ಎಂದು ತೋರಿಸಿದವರು ರಹ್ಬರ್.

ಅಮೆರಿಕದ ಆಂಥನಿ ಸೆರಾಮಿ ಮತ್ತು ಸಂಗಡಿಗರು 1976ರಲ್ಲಿ, ರೋಗಿಯ ಶುಗರ್ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಇದನ್ನೇ ಅಳತೆಯಾಗಿ ಬಳಸಬಹುದು ಎಂದು ತೋರಿಸಿದರು. ಈ ಅಂಕೆ ತಗ್ಗಿಸಿದರೆ ರೋಗಿಗೆ ನಿಜವಾಗಿ ಲಾಭ ಉಂಟೇ ಎಂಬ ಪ್ರಶ್ನೆಗೆ 1993ರಲ್ಲಿ ಉತ್ತರ ಸಿಕ್ಕಿತು. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಕಾಯಿಲೆ ಇರುವ 1,441 ಮಂದಿಯನ್ನು ಸರಾಸರಿ ಆರೂವರೆ ವರ್ಷ ನೋಡಿಕೊಂಡ ಅಧ್ಯಯನ ಅದು. ಎ1ಸಿ 7ರ ಹತ್ತಿರ ಇಟ್ಟುಕೊಂಡವರಿಗೂ 9ರ ಹತ್ತಿರ ಇದ್ದವರಿಗೂ ಅಜಗಜಾಂತರ. ಕಣ್ಣಿನ ಪರದೆ ಹಾಳಾಗುವುದು ಮೊದಲಿನವರಲ್ಲಿ ನೂರಕ್ಕೆ 76ರಷ್ಟು ಕಡಿಮೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಕಾಯಿಲೆಗೂ ಇಂಥದ್ದೇ ಉತ್ತರವನ್ನು 1998ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನ ಕೊಟ್ಟಿತು. ಕಾಯಿಲೆ ಇದೆಯೇ ಎಂದು ತೀರ್ಮಾನಿಸಲೂ ಎ1ಸಿ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಪ್ಪಿತು.

ನಮ್ಮ ದೇಶದ ಲೆಕ್ಕವನ್ನೂ ಹೇಳಿಬಿಡಬೇಕು. ಐಸಿಎಂಆರ್ ನಡೆಸಿದ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಅದರ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಗಡಿಯಲ್ಲಿ ನಿಂತವರು ಇನ್ನೂ 13.6 ಕೋಟಿ. ನಮ್ಮ ಪಕ್ಕದ ಕೇರಳ, ಆಚೆಯ ಗೋವಾ ಎರಡೂ ಈ ಪಟ್ಟಿಯ ಮೇಲಿನ ಸಾಲಿನಲ್ಲಿವೆ. ಎರಡಕ್ಕೂ ಮಧ್ಯೆ ಇರುವ ಕರಾವಳಿಯವರು ನಾವು.

ಸಿರಿಂಜಿನಿಂದ ಹನಿಗೆ

ಇಷ್ಟು ಕಾಲ ಎ1ಸಿ ಎಂದರೆ ಲ್ಯಾಬಿಗೆ ಹೋಗಿ ಕೈಯ ನರದಿಂದ ಎರಡು ಮೂರು ಎಂಎಲ್ ರಕ್ತ ಕೊಟ್ಟು, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕಿಸಿ, ಸಂಜೆಗೋ ನಾಳೆಗೋ ರಿಪೋರ್ಟ್ ತರುವುದು. ಪೇಟೆಯವರಿಗೆ ಇದು ಸುಲಭ. ಸುಳ್ಯ, ಬೆಳ್ತಂಗಡಿ ಕಡೆಯ ಒಳಗಿನ ಊರುಗಳಲ್ಲಿ, ಬಸ್ಸಿಗೆ ಎರಡು ಕಿಲೋಮೀಟರ್ ನಡೆಯಬೇಕಾದ ಮನೆಗಳಲ್ಲಿ, ಮೊಣಕಾಲು ನೋವಿನ ಉಮ್ಮಂದಿರಿಗೆ ಅಷ್ಟು ಸುಲಭ ಅಲ್ಲ. "ಗಲ್ಫಿನಿಂದ ಮಗ ಬರಲಿ, ಕಾರಿನಲ್ಲಿ ಹೋಗುವ" ಎಂದು ವರ್ಷ ದೂಡುವವರು ಎಷ್ಟು ಮಂದಿ! ಕೆಲವರಿಗೆ ನರ ಸಿಗುವುದೇ ಇಲ್ಲ. ನಾಲ್ಕು ಕಡೆ ಚುಚ್ಚಿಸಿಕೊಂಡು ಕೈ ನೀಲಿ ಮಾಡಿಕೊಂಡು ಬಂದವರು ಮತ್ತೆ ಆ ಕಡೆಗೆ ತಲೆ ಹಾಕುವುದಿಲ್ಲ.

ನಿಜ ಹೇಳಬೇಕಾದರೆ ಪರೀಕ್ಷೆಗೆ ಅಷ್ಟು ರಕ್ತ ಬೇಕಾಗಿಯೇ ಇಲ್ಲ. ಬೆರಳಿನ ಹನಿಯಿಂದ ನೋಡುವ ಈಗಿನ ಮೆಷಿನ್‌ಗಳಿಗೆ 1ರಿಂದ 5 ಮೈಕ್ರೋಲೀಟರ್ ಸಾಕು. ಐದು ಎಂಎಲ್‌ನ ಒಂದು ಚಾ ಚಮಚವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು 5 ಮೈಕ್ರೋಲೀಟರ್. ಬೆರಳ ತುದಿಯಲ್ಲಿ ನಿಲ್ಲುವ ಒಂದು ಹನಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ರಕ್ತ ಇರುತ್ತದೆ. ಆ ಹನಿಯನ್ನು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಂಥದ್ದಕ್ಕೆ ಹೀರಿಸಿ ಮೆಷಿನ್ನಿಗೆ ಹಾಕಿದರೆ, ಒಳಗಿನ ಮದ್ದು ಸಕ್ಕರೆ ಅಂಟಿದ ಹಿಮೋಗ್ಲೋಬಿನ್ನನ್ನು ಹಿಡಿದು, ಒಟ್ಟು ಹಿಮೋಗ್ಲೋಬಿನ್ ಜೊತೆ ಹೋಲಿಸಿ, ಕೆಲವೇ ನಿಮಿಷಗಳಲ್ಲಿ ಲೆಕ್ಕ ಕೊಡುತ್ತದೆ.

ಇಲ್ಲಿ ಒಂದು ಗೊಂದಲ ಬೇಡ. ಮಗ ಗಲ್ಫಿನಿಂದ ತಂದ ಗ್ಲುಕೋಮೀಟರ್ ಬೇರೆ, ಈ ಮೆಷಿನ್ ಬೇರೆ. ಎರಡಕ್ಕೂ ಬೆರಳಿನ ಹನಿಯೇ. ಆದರೆ ಗ್ಲುಕೋಮೀಟರ್ ಹೇಳುವುದು ಈ ಕ್ಷಣದ ಶುಗರ್ ಮಾತ್ರ.

ಇನ್ನೊಂದು ದಾರಿಯೂ ಉಂಟು. ಹನಿಯನ್ನು ಒಂದು ಬಗೆಯ ದಪ್ಪ ಕಾಗದದ ಮೇಲೆ ಬೀಳಿಸಿ, ಒಣಗಿಸಿ, ದೂರದ ಲ್ಯಾಬಿಗೆ ಅಂಚೆಯಲ್ಲಿ ಕಳಿಸುವುದು. ಅಮೆರಿಕದ ರಾಬರ್ಟ್ ಗುತ್ರಿ ಎಂಬವರು 1960ರ ದಶಕದ ಆರಂಭದಲ್ಲಿ, ಆಗ ತಾನೇ ಹುಟ್ಟಿದ ಮಕ್ಕಳ ಹಿಮ್ಮಡಿಯಿಂದ ಹನಿ ತೆಗೆದು ಹುಟ್ಟು ಕಾಯಿಲೆಯೊಂದನ್ನು ಪತ್ತೆ ಹಚ್ಚಲು ಈ ಕ್ರಮ ತಂದರು. ಇಂದು ಎ1ಸಿ ಸಹ ಹೀಗೆ ಒಣಗಿದ ರಕ್ತದಿಂದ ನೋಡಲು ಆಗುತ್ತದೆ. ಆದರೆ ಕಾಗದ ಸರಿಯಾಗಿ ಒಣಗಬೇಕು. ಸೆಕೆ ಮತ್ತು ತೇವ ಎರಡೂ ಅಂಕೆಯನ್ನು ಆಚೀಚೆ ಮಾಡುತ್ತವೆ. ಆಟಿ ತಿಂಗಳಲ್ಲಿ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಈ ಕ್ರಮಕ್ಕೆ ತುಂಬ ಜಾಗ್ರತೆ ಬೇಕು. ಹತ್ತಿರದಲ್ಲಿ ಲ್ಯಾಬ್ ಇರುವವರಿಗೆ ಇದರ ಅಗತ್ಯವೇ ಇಲ್ಲ.

ಹನಿ ಎಡವುವುದು ಎಲ್ಲಿ?

ಅದೇ ಶಿಬಿರದಲ್ಲಿ ಹೆಂಗಸರ ಕಡೆ ಇನ್ನೊಂದು ವಿಷಯ ನಡೆಯಿತು. ಮೂವತ್ತರ ಆಸುಪಾಸಿನ ಒಬ್ಬಳು ಸೊಸೆ, ಮೂರು ಮಕ್ಕಳ ತಾಯಿ. ಹನಿ ಪರೀಕ್ಷೆಯಲ್ಲಿ 6.6 ಬಂತು. ಚೀಟಿ ಮನೆಗೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. "ಇಷ್ಟು ಸಣ್ಣ ಪ್ರಾಯದಲ್ಲೇ ಶುಗರ್ ಅಂತೆ" ಎಂದು ಒಬ್ಬರು, "ಮದುವೆಗೆ ಮೊದಲೇ ಇದ್ದಿರಬೇಕು" ಎಂದು ಇನ್ನೊಬ್ಬರು. ಆ ಹುಡುಗಿ ಎರಡು ದಿನ ಊಟ ಬಿಟ್ಟು ಅತ್ತಳು ಎಂದು ಅವಳ ಮಕ್ಕಳ ಉಸ್ತಾದರಾದ ನಮ್ಮ ಕಿವಿಗೂ ಬಿತ್ತು.

ಅವಳ ಗಂಡನಿಗೆ ಬುದ್ಧಿ ಇತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದ. ಖಾಲಿ ಹೊಟ್ಟೆಯ ಶುಗರ್ 90, ಗ್ಲುಕೋಸ್ ಕುಡಿದು ಎರಡು ಗಂಟೆಯ ನಂತರದ್ದು 118. ಎರಡೂ ಮಾಮೂಲು. ಹಿಮೋಗ್ಲೋಬಿನ್ ಮಾತ್ರ 8.2. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರು. ನಾಲ್ಕು ತಿಂಗಳ ನಂತರ ಎ1ಸಿ 5.6. ಅವಳಿಗೆ ಇದ್ದದ್ದು ಸಕ್ಕರೆ ಕಾಯಿಲೆ ಅಲ್ಲ, ರಕ್ತಹೀನತೆ.

ಇದು ಮೆಷಿನ್ನಿನ ತಪ್ಪಲ್ಲ, ದೊಡ್ಡ ಲ್ಯಾಬಿನಲ್ಲಿ ಮಾಡಿದರೂ ಹೀಗೇ ಆಗುತ್ತಿತ್ತು. ಕೆಂಪು ಕಣ 120 ದಿನ ಬದುಕುತ್ತದೆ ಎಂಬ ಲೆಕ್ಕದ ಮೇಲೆ ಈ ಪರೀಕ್ಷೆ ನಿಂತಿದೆ. ಆ ಲೆಕ್ಕ ತಪ್ಪಿದರೆ ಅಂಕೆಯೂ ತಪ್ಪುತ್ತದೆ. ಕಬ್ಬಿಣದ ಕೊರತೆ ಇರುವವರಲ್ಲಿ ಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕೆಂಪು ಕಣ ಬೇಗ ಒಡೆಯುವ ಕಾಯಿಲೆ ಇರುವವರಲ್ಲಿ, ತುಂಬ ರಕ್ತ ಹೋದವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಕಡಿಮೆ ತೋರಿಸಬಹುದು. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸುವವರಲ್ಲೂ, ಥಲಸೇಮಿಯಾದಂತಹ ಹುಟ್ಟು ರಕ್ತದ ತೊಂದರೆ ಇರುವವರಲ್ಲೂ ಇದನ್ನೊಂದನ್ನೇ ನಂಬಲು ಆಗುವುದಿಲ್ಲ. ಗರ್ಭಿಣಿಯರಿಗೆ ಶುಗರ್ ಬಂದಿದೆಯೇ ಎಂದು ನೋಡಲು ಎ1ಸಿ ಸಾಲದು. ಅವರಿಗೆ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆಯೇ ಆಗಬೇಕು.

ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು ಕೇಂದ್ರ ಸರಕಾರದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆದ್ದರಿಂದ ಮನೆಯ ಹೆಂಗಸರಿಗೆ ಎ1ಸಿ ನೋಡಿಸುವಾಗ ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಶಿಬಿರ ಇಡುವ ಸಂಘದವರಿಗೂ ನಮ್ಮದು ಇದೇ ವಿನಂತಿ. ಹನಿಯಲ್ಲಿ ಹೆಚ್ಚು ಬಂದರೆ "ನಿಮಗೆ ಶುಗರ್ ಉಂಟು" ಎಂದು ಎಲ್ಲರ ಎದುರು ಹೇಳಬೇಡಿ. "ಲ್ಯಾಬಿನಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ" ಎಂದು ಚೀಟಿಯನ್ನು ಅವರ ಕೈಗೇ ಕೊಡಿ. ಒಬ್ಬರ ಕಾಯಿಲೆಯ ವಿಷಯ ಅಮಾನತ್ತು. ಅದು ಊರಿನ ಮಾತಾಗಬಾರದು.

ಹನಿ ಪರೀಕ್ಷೆಯಲ್ಲಿ ಎರಡು ಮೂರು ದಶಾಂಶ ಹೆಚ್ಚು ಕಡಿಮೆ ಆಗುವುದು ಸಹಜ. ಇವತ್ತು 7.2, ಮೂರು ತಿಂಗಳ ನಂತರ 7.4 ಎಂದರೆ ಗಾಬರಿ ಬೇಡ. 7.2 ಇದ್ದದ್ದು 8.5 ಆದರೆ ಎಲ್ಲೋ ತಪ್ಪುತ್ತಿದೆ ಎಂದು ಅರ್ಥ.

ಇನ್ನೂ ಒಂದು ಮಾತು. ಎ1ಸಿ ಸರಾಸರಿ ಮಾತ್ರ. ಒಬ್ಬರ ಶುಗರ್ ಯಾವಾಗಲೂ 150ರ ಹತ್ತಿರ ಇರಬಹುದು. ಇನ್ನೊಬ್ಬರದ್ದು ಒಮ್ಮೆ 250ಕ್ಕೆ ಹತ್ತಿ, ಒಮ್ಮೆ 50ಕ್ಕೆ ಇಳಿಯಬಹುದು. ಸರಾಸರಿ ಇಬ್ಬರದ್ದೂ ಒಂದೇ. ಎರಡನೆಯವರು ಯಾವ ದಿನ ತಲೆ ತಿರುಗಿ ಬೀಳುತ್ತಾರೆ ಎಂದು ಹೇಳಲಾಗದು. ಇನ್ಸುಲಿನ್ ತೆಗೆದುಕೊಳ್ಳುವವರು ಎ1ಸಿ ಚೆನ್ನಾಗಿದೆ ಎಂದು ಗ್ಲುಕೋಮೀಟರನ್ನು ಕಪಾಟಿನಲ್ಲಿ ಇಡಬಾರದು.

ಬೆರಳು ಚುಚ್ಚುವಾಗ

ಚುಚ್ಚುವ ಸೂಜಿ ಒಬ್ಬರಿಗೆ ಒಂದೇ, ಒಂದು ಸಲ ಮಾತ್ರ. ಶಿಬಿರದಲ್ಲಿ ಹೊಸ ಸೂಜಿ ನಿಮ್ಮ ಕಣ್ಣ ಮುಂದೆಯೇ ತೆಗೆಯಬೇಕು. ಮನೆಯಲ್ಲಿ ಗಂಡನದ್ದು ಹೆಂಡತಿಗೆ, ಉಮ್ಮನದ್ದು ಮಗನಿಗೆ ಬಳಸಬಾರದು. ಹೆಪಟೈಟಿಸ್ ಬಿ ಅಂತಹ ರೋಗ ರಕ್ತದಿಂದಲೇ ಹರಡುವುದು.

ಸಾಬೂನಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿ. ಬೆರಳ ತುದಿಯ ನಡುವೆ ಅಲ್ಲ, ಬದಿಯಲ್ಲಿ ಚುಚ್ಚಿದರೆ ನೋವು ಕಡಿಮೆ. ಕೈ ತಣ್ಣಗಿದ್ದರೆ ಸ್ವಲ್ಪ ಉಜ್ಜಿ ಬಿಸಿ ಮಾಡಿ. ಹನಿ ಬರಲಿಲ್ಲವೆಂದು ಬಲವಾಗಿ ಹಿಂಡಬೇಡಿ. ಖರ್ಜೂರ ತಿಂದ ಕೈಯಲ್ಲಿ ಗ್ಲುಕೋಮೀಟರ್ ಪರೀಕ್ಷೆ ಮಾಡಿದರೆ ಬೆರಳಿಗೆ ಅಂಟಿದ ಸಿಹಿಯೇ ಶುಗರ್ ಹೆಚ್ಚು ತೋರಿಸುತ್ತದೆ. ಇಫ್ತಾರ್ ಆದ ಕೂಡಲೇ ನೋಡುವವರು ಇದನ್ನು ನೆನಪಿಡಬೇಕು.

ಇನ್ನು ನಮಗೆ ಸೇರಿದ ವಿಷಯ. ನೋಂಬಿನಲ್ಲಿ ಬೆರಳು ಚುಚ್ಚಿ ಹನಿ ತೆಗೆದರೆ ಶಾಫಿಈ ಮದ್‌ಹಬ್ ಪ್ರಕಾರ ನೋಂಬು ಮುರಿಯುವುದಿಲ್ಲ. ಲ್ಯಾಬಿನಲ್ಲಿ ಸಿರಿಂಜಿನಿಂದ ರಕ್ತ ತೆಗೆಸಿದರೂ ಮುರಿಯುವುದಿಲ್ಲ. ರಕ್ತ ಬಂದ ಕಾರಣಕ್ಕೆ ವುಝೂ ಸಹ ಹೋಗುವುದಿಲ್ಲ. ಬೆರಳನ್ನು ತೊಳೆದುಕೊಂಡು ನಮಾಝ್ ಮಾಡಿ. "ನೋಂಬು ಹೋದೀತು" ಎಂಬ ಹೆದರಿಕೆಯಿಂದ ಶುಗರ್ ನೋಡದೆ ಇದ್ದು ಮಗ್ರಿಬ್‌ಗೆ ಮೊದಲು ಕುಸಿದು ಬಿದ್ದವರ ಸುದ್ದಿ ಕೇಳಿದ್ದೇವೆ. ಹಾಗೆ ಆಗಬಾರದು.

ರಜಬ್‌ನಲ್ಲೇ ಯಾಕೆ?

ಹದಿಮೂರು ದೇಶಗಳಲ್ಲಿ ಸಕ್ಕರೆ ಕಾಯಿಲೆ ಇರುವ ಹನ್ನೆರಡು ಸಾವಿರಕ್ಕೂ ಹೆಚ್ಚು ಮುಸ್ಲಿಮರ ರಮಝಾನ್ ಅನುಭವವನ್ನು 2001ರಲ್ಲಿ ಸಂಗ್ರಹಿಸಿದ್ದರು. ಶುಗರ್ ತೀರಾ ಇಳಿದು ಅಪಾಯಕ್ಕೆ ಸಿಲುಕುವುದು ಟೈಪ್ 2 ರೋಗಿಗಳಲ್ಲಿ ಬೇರೆ ತಿಂಗಳಿಗಿಂತ ಏಳೂವರೆ ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡಿತು. ಅದಕ್ಕೇ ರಮಝಾನ್‌ಗೆ ಆರರಿಂದ ಎಂಟು ವಾರ ಮೊದಲೇ ಡಾಕ್ಟರರನ್ನು ಕಾಣಬೇಕು ಎಂದು ಈ ವಿಷಯದ ತಜ್ಞರು ಹೇಳುವುದು. ನಮ್ಮ ಲೆಕ್ಕದಲ್ಲಿ ಅದು ರಜಬ್ ತಿಂಗಳು. ಆಗ ಎ1ಸಿ ನೋಡಿಸಿದರೆ ಮದ್ದು, ಆಹಾರ ಸರಿಪಡಿಸಲು ಶಅಬಾನ್ ತನಕ ಸಮಯ ಇರುತ್ತದೆ. ಚಂದ್ರ ಕಂಡ ರಾತ್ರಿ ಡಾಕ್ಟರಿಗೆ ಫೋನ್ ಮಾಡಿದರೆ ಅವರಾದರೂ ಏನು ಮಾಡಿಯಾರು?

ನೋಂಬು ಹಿಡಿದವರು ಶುಗರ್ 70ಕ್ಕಿಂತ ಕೆಳಗೆ ಇಳಿದರೆ, ಅಥವಾ 300ರ ಮೇಲೆ ಹೋದರೆ, ಅಸರ್ ಆಗಿರಲಿ, ಮಗ್ರಿಬ್‌ಗೆ ಹತ್ತೇ ನಿಮಿಷ ಇರಲಿ, ನೋಂಬು ಬಿಡಬೇಕು ಎಂಬುದು ವೈದ್ಯರ ಕಟ್ಟುನಿಟ್ಟಿನ ಮಾತು. ಜೀವಕ್ಕೆ ಅಪಾಯ ಇರುವಾಗ ಬಿಡುವುದೇ ದೀನಿನ ಮಾತು ಕೂಡ.

ಹಾಜಾಕನ ವಿಷಯಕ್ಕೆ ಬರುತ್ತೇವೆ. ಲ್ಯಾಬಿನಲ್ಲಿ ಮತ್ತೆ ನೋಡಿಸಿದಾಗ 9.2 ಬಂತು. ಡಾಕ್ಟರ್ ಕಣ್ಣು, ಕಿಡ್ನಿ ಎರಡನ್ನೂ ಪರೀಕ್ಷಿಸಿದರು. ಕಣ್ಣಿನ ಪರದೆಯಲ್ಲಿ ಕೆಡುಕು ಶುರುವಾಗಿತ್ತು. ಇನ್ಸುಲಿನ್ ಆರಂಭಿಸಿ, "ಈ ರಮಝಾನ್‌ನಲ್ಲಿ ನೋಂಬು ಬೇಡ" ಎಂದರು. ಹಾಜಾಕ ನಮ್ಮ ಮುಂದೆ ಮಗುವಿನ ಹಾಗೆ ಅತ್ತರು. "ಏಳನೇ ವಯಸ್ಸಿನಿಂದ ಒಂದು ನೋಂಬು ಬಿಟ್ಟವನಲ್ಲ ಉಸ್ತಾದೇ. ಊರಿನವರು ಏನು ಹೇಳಿಯಾರು? ಅಲ್ಲಾಹನಿಗೆ ಏನು ಉತ್ತರ ಕೊಡಲಿ?"

ನಾವು ಹೇಳಿದೆವು: "ಹಾಜಾಕ, ನೋಂಬು ಕಡ್ಡಾಯ ಮಾಡಿದ ರಬ್ಬೇ ರೋಗಿಗೆ ರಿಯಾಯಿತಿಯನ್ನೂ ಕೊಟ್ಟದ್ದು. ಅದೂ ಅವನ ಹುಕುಂ. ಗುಣವಾಗುವ ಭರವಸೆ ಇದ್ದರೆ ಬೇರೆ ದಿನಗಳಲ್ಲಿ ಖಳಾ ವೀಟಬಹುದು. ಗುಣವಾಗದ ಕಾಯಿಲೆಯಾದರೆ ಫಿದ್‌ಯ ಕೊಡುವ ದಾರಿ ಉಂಟು. ಡಾಕ್ಟರ್ ಯಾವುದು ಹೇಳುತ್ತಾರೆ ನೋಡುವ." ಆ ರಮಝಾನಿಡೀ ಹಾಜಾಕ ತರಾವೀಹ್‌ಗೆ ಮೊದಲ ಸಾಲಿನಲ್ಲೇ ಇದ್ದರು. ಹಗಲು ಮದ್ದು, ಊಟ ಹೊತ್ತಿಗೆ ಸರಿಯಾಗಿ ಮಾಡಿದರು. ಮೂರು ತಿಂಗಳಿಗೊಮ್ಮೆ ಹನಿ ಕೊಟ್ಟರು. 9.2 ಇದ್ದದ್ದು 8.3 ಆಯಿತು, ಆಮೇಲೆ 7.6, ಆಮೇಲೆ 7.3. ಚಳಿಗಾಲದ ಸಣ್ಣ ಹಗಲುಗಳಲ್ಲಿ ಡಾಕ್ಟರರ ಒಪ್ಪಿಗೆ ಪಡೆದು, ಗ್ಲುಕೋಮೀಟರ್ ಜೇಬಿನಲ್ಲಿ ಇಟ್ಟುಕೊಂಡು, ವಾರಕ್ಕೆರಡರಂತೆ ಬಿಟ್ಟುಹೋದ ನೋಂಬುಗಳನ್ನು ಖಳಾ ವೀಟತೊಡಗಿದರು.

ಮೊನ್ನೆ ಸಿಕ್ಕಿದಾಗ ಕೇಳಿದೆವು, "ಹಾಜಾಕ, ಪರೀಕ್ಷೆ ಹತ್ತಿರ ಬಂತಲ್ಲ, ಗಂಜಿ ಶುರು ಮಾಡಿದ್ದೀರಾ?"

"ಈಗ ಮೂರು ದಿನದ ಗಂಜಿಯಿಂದ ಎಂತ ಪ್ರಯೋಜನ ಉಸ್ತಾದೇ? ಮೂರು ತಿಂಗಳದ್ದು ಗೊತ್ತಾಗ್ತದೆ" ಎಂದು ನಕ್ಕರು.

ಮನೆಯಲ್ಲಿ ಶುಗರ್ ಇರುವವರು ಯಾರಾದರೂ ಇದ್ದರೆ ಅವರ ಕೊನೆಯ ಎ1ಸಿ ಯಾವಾಗ ಮಾಡಿಸಿದ್ದು ಎಂದು ಇಂದೇ ಕೇಳಿ. ಹತೋಟಿಯಲ್ಲಿ ಇದ್ದರೆ ವರ್ಷಕ್ಕೆ ಎರಡು ಸಲ, ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ನೋಡಿಸಬೇಕು. ಮೂವತ್ತು ದಾಟಿದವರು ಕಾಯಿಲೆ ಇಲ್ಲ ಎಂದು ತಿಳಿದಿದ್ದರೂ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಶುಗರ್ ನೋಡಿಸಿಕೊಳ್ಳಿ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಬಾಗಿಲಿನಿಂದಲೇ ಕಳಿಸಬೇಡಿ. ಉಮ್ಮಂದಿರನ್ನು ಮರೆಯಬೇಡಿ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ತಮ್ಮ ಕಾಯಿಲೆಯನ್ನೂ ಕೊನೆಗೇ ಹೇಳುತ್ತಾರೆ.

ಅಲ್ಲಾಹನು ನಮ್ಮೆಲ್ಲರಿಗೂ ಆಫಿಯತ್ ನೀಡಲಿ, ರೋಗಿಗಳಿಗೆ ಶಿಫಾ ನೀಡಲಿ, ಮುಂದಿನ ರಮಝಾನನ್ನು ಆರೋಗ್ಯದಿಂದ ಕಾಣುವ ಭಾಗ್ಯ ಕೊಡಲಿ. ಆಮೀನ್.